ಬಣ್ಣ ಕೆರೆಯುವ ಮೊದಲು: ಮದ್ದುಗುಂಡಿನ ಪೆಟ್ಟಿಗೆಗಳಿಂದ ಕಲಿತದ್ದು

ಮದ್ದುಗುಂಡಿನ ಹಳೆಯ ಪೆಟ್ಟಿಗೆ ಹೊತ್ತು ತಂದವರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ಈ ಹಸಿರು ಬಣ್ಣ ತೆಗೆದು ಪಾಲಿಶ್ ಹಾಕಲು ಎಷ್ಟಾಗುತ್ತದೆ? ಒಳಗಿನ ಮರ ಹೊಳೆಯಬೇಕು, ಮೇಲೊಂದು ಗಾಜು ಕೂರಿಸಿ ಹಜಾರದಲ್ಲಿ ಇಡಬೇಕು ಎಂಬ ಆಸೆ ಅವರದು. ಆ ಆಸೆ ನನಗೆ ಅರ್ಥವಾಗುತ್ತದೆ. ಆದರೂ ಬಣ್ಣ ತೆಗೆಯಬೇಡಿ ಎಂದೇ ಹೇಳುತ್ತೇನೆ. ಸೈನ್ಯದ ಪೆಟ್ಟಿಗೆಗೆ ಅದರ ಬಣ್ಣವೇ ದಾಖಲೆ. ಎಲ್ಲಿ ತಯಾರಾಯಿತು, ಏನು ತುಂಬಿತ್ತು, ಎಷ್ಟು ಸಲ ಖಾಲಿಯಾಗಿ ಮತ್ತೆ ತುಂಬಿತು ಎಂಬುದೆಲ್ಲ ಆ ಬಣ್ಣದ ಪದರಗಳಲ್ಲೇ ಇರುತ್ತದೆ. ಕೆರೆದರೆ ಉಳಿಯುವುದು ಬರೀ ಮರ. ಅಂಥ ಮರ ಯಾವ ಡಿಪೋದಲ್ಲಾದರೂ ಸಿಗುತ್ತದೆ.

ನಮ್ಮ ಕಡೆ ಗುಜರಿ ಅಂಗಡಿಗಳಲ್ಲಿ, ಕಂಟೋನ್ಮೆಂಟಿನ ಹಳೆಯ ಮನೆಗಳಲ್ಲಿ, ಕೊಡಗಿನ ಅಟ್ಟಗಳಲ್ಲಿ ಸಿಗುವ ಈ ಬಗೆಯ ಸಾಮಾನಿನಲ್ಲಿ ಬಹುಪಾಲು ಎರಡು ಮಹಾಯುದ್ಧಗಳ ಕಾಲದ್ದು: .303 ತೋಟಾಗಳ ಮರದ ಪೆಟ್ಟಿಗೆ, ಮಿಲ್ಸ್ ಗ್ರೆನೇಡಿನ ಪೆಟ್ಟಿಗೆ, ಮಾರ್ಟರ್ ಬಾಂಬಿನ ಉಕ್ಕಿನ ಡಬ್ಬ, ಜೆರ್ರಿ ಕ್ಯಾನ್, ಕ್ಯಾನ್ವಾಸಿನ ಚೀಲ, ಬೆಲ್ಟು. ಎರಡನೇ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಸೈನ್ಯದಲ್ಲಿದ್ದರು. ಅವರು ಹೊತ್ತ ಸಾಮಾನಿನಲ್ಲಿ ಉಳಿದುಕೊಂಡಿರುವುದು ಇಷ್ಟೇ. ಅದಕ್ಕಾಗಿಯೇ ಈ ಪಾಠಗಳನ್ನು ಬರೆದಿಡುತ್ತಿದ್ದೇನೆ.

1. ಮುಚ್ಚಳ ತೆರೆದ ಕೂಡಲೇ ಕೈ ಹಾಕಬೇಡಿ.

ಮಾರಿದವರು ಖಾಲಿ ಎಂದ ಮಾತ್ರಕ್ಕೆ ಪೆಟ್ಟಿಗೆ ಖಾಲಿ ಎಂದು ನಂಬುವಂತಿಲ್ಲ. ಮೊದಲು ಟಾರ್ಚ್ ಬಿಟ್ಟು ನೋಡಿ. ಮಿಲ್ಸ್ ಗ್ರೆನೇಡಿನ ಪೆಟ್ಟಿಗೆಯಲ್ಲಿ 12 ಗ್ರೆನೇಡುಗಳ ಜೊತೆಗೆ ಒಂದು ತಗಡಿನ ಡಬ್ಬಿಯೂ ಇರುತ್ತಿತ್ತು. ಸಾಗಿಸುವಾಗ ಗ್ರೆನೇಡಿನೊಳಗೆ ಡಿಟೊನೇಟರ್ ಇಡುತ್ತಿರಲಿಲ್ಲ. ಬಳಸುವ ಮುನ್ನ ಬುಡದ ಬಿರಡೆ ತಿರುಗಿಸಿ ತೆಗೆದು ಕೂರಿಸಬೇಕಿತ್ತು. ಆ ಡಿಟೊನೇಟರ್‌ಗಳ ಜಾಗವೇ ಆ ಡಬ್ಬಿ. ಗ್ರೆನೇಡುಗಳು ಹೋದಮೇಲೂ ಡಬ್ಬಿ ಮೂಲೆಯಲ್ಲಿ ಉಳಿದಿರಬಹುದು. ಅದನ್ನು ಅಲುಗಿಸಬೇಡಿ, ತೆರೆಯಲು ಹೋಗಬೇಡಿ. ಕಂದುಬಣ್ಣದ ಒಣಶಾವಿಗೆಯಂಥ ಎಳೆಗಳು ಕಂಡರೆ ಅದು ಕಾರ್ಡೈಟ್, .303 ತೋಟಾದೊಳಗೆ ತುಂಬುತ್ತಿದ್ದ ಮದ್ದು. ಇವುಗಳಲ್ಲಿ ಯಾವುದು ಕಂಡರೂ ಕೆಲಸ ಅಲ್ಲಿಗೇ ನಿಲ್ಲಿಸಿ, ಎಲ್ಲರನ್ನೂ ದೂರ ಕಳಿಸಿ, 112ಕ್ಕೆ ಫೋನ್ ಮಾಡಿ. ಬಾಂಬ್ ನಿಷ್ಕ್ರಿಯ ದಳದವರು ಬರುತ್ತಾರೆ.

ಇಷ್ಟು ಹಳೆಯದು, ಇನ್ನೇನು ಸಿಡಿಯುತ್ತದೆ ಎಂದು ವಾದಿಸುವವರು ಇದ್ದೇ ಇರುತ್ತಾರೆ. ಹೊಸನಗರ ತಾಲ್ಲೂಕಿನ ಬಿದನೂರು ನಗರದಲ್ಲಿ 2018ರಲ್ಲಿ ಬತ್ತಿದ ಬಾವಿಯೊಂದರ ಹೂಳು ತೆಗೆದಾಗ ಟಿಪ್ಪುವಿನ ಕಾಲದ ಕಬ್ಬಿಣದ ರಾಕೆಟ್‌ಗಳು ಸಾವಿರಕ್ಕೂ ಹೆಚ್ಚು ಸಿಕ್ಕವು. ಎರಡು ಶತಮಾನ ಕೆಸರಲ್ಲಿ ಮುಳುಗಿದ್ದರೂ ಅವುಗಳೊಳಗೆ ಮದ್ದಿನ ಅಂಶ ಉಳಿದಿತ್ತು. ಎಂಬತ್ತು ವರ್ಷದ ಡಿಟೊನೇಟರ್ ಅದಕ್ಕಿಂತ ಎಷ್ಟೋ ಕಿರಿಯದು, ಎಷ್ಟೋ ಪಾಲು ಸೂಕ್ಷ್ಮದ್ದು.

2. ಒರೆಸುವ ಮೊದಲು ಓದಿ.

ಪೆಟ್ಟಿಗೆಯನ್ನು ಕತ್ತಲೆ ಕೋಣೆಯಲ್ಲಿಟ್ಟು, ಟಾರ್ಚನ್ನು ಹಲಗೆಗೆ ಸಮಾನಾಂತರವಾಗಿ, ಬದಿಯಿಂದ ಹಿಡಿಯಿರಿ. ಎದುರಿನ ಬೆಳಕಿನಲ್ಲಿ ಕಾಣದ ಅಕ್ಷರಗಳು ಬದಿಯ ಬೆಳಕಿನಲ್ಲಿ ಎದ್ದು ನಿಲ್ಲುತ್ತವೆ. ಮೇಲೆ ಹೊಸ ಬಣ್ಣ ಬಳಿದಿದ್ದರೂ ಕೆಳಗಿನ ಸ್ಟೆನ್ಸಿಲ್ಲಿನ ಅಂಚು ಕೂದಲೆಳೆಯಷ್ಟು ಉಬ್ಬಿಯೇ ಇರುತ್ತದೆ. ಆರೂ ಮುಖಗಳ ಫೋಟೋ ತೆಗೆಯಿರಿ. ಮುಚ್ಚಳದ ಒಳಬದಿ, ಹಿಡಿಕೆಯ ಮರದ ತುಂಡಿನ ಕೆಳಗೆ, ತಳದಲ್ಲಿ ಕಬ್ಬಿಣದ ಮುದ್ರೆಯಿಂದ ಒತ್ತಿದ ಗುರುತುಗಳನ್ನು ಹುಡುಕಿ.

ಮೇಲ್ಮುಖ ಬಾಣದ ಗುರುತು ಬ್ರಿಟಿಷ್ ಸರ್ಕಾರದ ಸೊತ್ತೆಂದು ಹೇಳುತ್ತದೆ. ಅದರ ಸುತ್ತಲಿನ ಅಕ್ಷರ ದೇಶವನ್ನು ತಿಳಿಸುತ್ತದೆ. ಸಿ ಅಕ್ಷರದ ಹೊಟ್ಟೆಯೊಳಗೆ ಬಾಣವಿದ್ದರೆ ಕೆನಡಾ, ಎರಡು ಡಿಗಳ ನಡುವೆ ಇದ್ದರೆ ಆಸ್ಟ್ರೇಲಿಯಾ, ಐ ಅಕ್ಷರದ ಜೊತೆಗಿದ್ದರೆ ಭಾರತ. ತೋಟಾದ ಬುಡದಲ್ಲಿ ಕೆ ಮತ್ತು ಎಫ್ ನಡುವೆ ಬಾಣವಿದ್ದರೆ ಅದು ಪುಣೆ ಬಳಿಯ ಖಡ್ಕಿ ಕಾರ್ಖಾನೆಯದು. ಒಂದೇ ಪೆಟ್ಟಿಗೆಯ ಮೇಲೆ ಎರಡು ಮೂರು ವರ್ಷಗಳು ಕಂಡರೆ ಗಾಬರಿ ಬೇಡ. ಪೆಟ್ಟಿಗೆ ತಯಾರಾದ ವರ್ಷ ಬೇರೆ, ಅದಕ್ಕೆ ತೋಟಾ ತುಂಬಿದ ವರ್ಷ ಬೇರೆ, ದುರಸ್ತಿ ಮಾಡಿ ಮತ್ತೆ ಉಪಯೋಗಕ್ಕೆ ಬಿಟ್ಟ ವರ್ಷ ಬೇರೆ. ಖಾಲಿ ಪೆಟ್ಟಿಗೆಗಳನ್ನು ಎಸೆಯದೆ ವಾಪಸು ಕಳಿಸುವುದು ಸೈನ್ಯದ ಪದ್ಧತಿಯಾಗಿತ್ತು. ಹಳೆಯ ಬರಹದ ಮೇಲೆ ಒಂದು ಪಟ್ಟೆ ಬಣ್ಣ ಬಳಿದು ಅದರ ಮೇಲೆ ಹೊಸತು ಬರೆಯುತ್ತಿದ್ದರು. ಆ ಪಟ್ಟೆ ಕೊಳೆಯಲ್ಲ, ಒಬ್ಬ ಉಗ್ರಾಣಿಕನ ಕೈಕೆಲಸ.

3. ಪೆಟ್ಟಿಗೆ ಹೇಗೆ ತೆರೆಯುತ್ತದೆ ಎಂಬುದನ್ನು ಅರ್ಥಮಾಡಿಕೊಳ್ಳದೆ ಸ್ಕ್ರೂಡ್ರೈವರ್ ಎತ್ತಬೇಡಿ.

1879ರ ಜನವರಿ 22ರಂದು ದಕ್ಷಿಣ ಆಫ್ರಿಕಾದ ಇಸಾಂಡ್ಲ್ವಾನದಲ್ಲಿ ಜುಲು ಸೈನ್ಯ ಬ್ರಿಟಿಷ್ ಪಡೆಯೊಂದನ್ನು ನುಚ್ಚುನೂರು ಮಾಡಿತು. ತೋಟಾ ಪೆಟ್ಟಿಗೆಗಳಿಗೆ ತಾಮ್ರದ ಪಟ್ಟಿ ಬಿಗಿದಿದ್ದರು, ಸ್ಕ್ರೂಗಳನ್ನು ಬಿಚ್ಚಲು ಆಗಲಿಲ್ಲ, ಅದಕ್ಕೇ ಸೈನಿಕರು ಸತ್ತರು ಎಂಬ ಕತೆ ಬಹುಕಾಲ ನಡೆಯಿತು. ಪೆಟ್ಟಿಗೆಯನ್ನೇ ಎದುರಿಗಿಟ್ಟುಕೊಂಡು ನೋಡಿದರೆ ಆ ಕತೆ ನಿಲ್ಲುವುದಿಲ್ಲ. ಮಾರ್ಟಿನಿ-ಹೆನ್ರಿ ರೈಫಲ್ಲಿನ 600 ತೋಟಾ ಹಿಡಿಯುವ ಆ ಪೆಟ್ಟಿಗೆ ತೇಗ ಅಥವಾ ಮಹಾಗನಿಯದು, ಒಳಗೆ ತಗಡಿನ ಹೊದಿಕೆ. ತಾಮ್ರದ ಪಟ್ಟಿಗಳು ಎರಡು ತುದಿಗಳಲ್ಲಿದ್ದವು. ನಡುವಿನ ಮುಚ್ಚಳ ಪಕ್ಕಕ್ಕೆ ಜಾರುವಂಥದ್ದು, ಅದನ್ನು ಹಿಡಿದಿದ್ದದ್ದು ಒಂದೇ ಒಂದು ಸ್ಕ್ರೂ. ಪಟ್ಟಿ ಬಿಚ್ಚುವ ಅಗತ್ಯವೇ ಇರಲಿಲ್ಲ. ತುರ್ತಿನಲ್ಲಿ ಬಂದೂಕಿನ ಹಿಂಬದಿಯಿಂದ ಮುಚ್ಚಳದ ಅಂಚಿಗೆ ಗುದ್ದಿದರೆ ಸ್ಕ್ರೂ ಬಾಗಿ ಮುಚ್ಚಳ ಬಂದುಬಿಡುತ್ತಿತ್ತು. ಪುಸ್ತಕಗಳಲ್ಲಿ ಬೇರೂರಿದ್ದ ಕತೆಯನ್ನು ಮರಗೆಲಸ ಅಲುಗಾಡಿಸಿತು.

ನಮ್ಮ ಮುಂದಿರುವ ಪೆಟ್ಟಿಗೆಯೂ ಹಾಗೆ ಏನಾದರೊಂದು ಸಾಕ್ಷಿ ಹೇಳಬಹುದು. ಆದ್ದರಿಂದ ಜಾರುವ ಮುಚ್ಚಳಕ್ಕೆ ಕೀಲು ಜೋಡಿಸಬೇಡಿ. ಹಿತ್ತಾಳೆ ಸ್ಕ್ರೂ ಕಳೆದುಹೋಗಿದ್ದರೆ ಅಲ್ಲಿಗೆ ಕಬ್ಬಿಣದ್ದು ಹಾಕಬೇಡಿ. ಮದ್ದಿನ ಹತ್ತಿರ ಕಿಡಿ ಹಾರಬಾರದೆಂದೇ ಅಲ್ಲಿ ತಾಮ್ರ, ಹಿತ್ತಾಳೆ ಬಳಸಿದ್ದರು. ತಲೆಯಲ್ಲಿ ಒಂದೇ ಗೀರಿರುವ ಸ್ಕ್ರೂ ಹುಡುಕಿ ತನ್ನಿ. ಕೂಡುಗೀರಿನ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಮೊದಲ ಮಹಾಯುದ್ಧದ ಪೆಟ್ಟಿಗೆಯಲ್ಲಿ ಅದು ಕಂಡರೆ ಆಮೇಲೆ ಯಾರೋ ಕೈಯಾಡಿಸಿದ್ದಾರೆ ಎಂದೇ ಅರ್ಥ.

4. ಉಗುಳಿನಿಂದ ಶುರುಮಾಡಿ.

ಇದು ತಮಾಷೆಯಲ್ಲ. ವಸ್ತುಸಂಗ್ರಹಾಲಯಗಳ ಸಂರಕ್ಷಕರು ಇಂದಿಗೂ ಹತ್ತಿಯ ತುದಿಯನ್ನು ಎಂಜಲಲ್ಲಿ ತೋಯಿಸಿ ಕೊಳೆ ತೆಗೆಯುತ್ತಾರೆ. ಅದರಲ್ಲಿರುವ ಕಿಣ್ವಗಳು ಜಿಡ್ಡನ್ನು ಮೃದುವಾಗಿ ಸಡಿಲಿಸುತ್ತವೆ. ತೋಯಿಸಿದ ಹತ್ತಿಯನ್ನು ಮತ್ತೆ ಬಾಯಿಗಿಡಬಾರದು, ಪ್ರತಿ ಸಲವೂ ಹೊಸ ಹತ್ತಿ. ಅದಕ್ಕೆ ಬಗ್ಗದಿದ್ದರೆ ಭಟ್ಟಿಯಿಳಿಸಿದ ನೀರಿಗೆ ಒಂದೆರಡು ಹನಿ ಸೌಮ್ಯ ಡಿಟರ್ಜೆಂಟ್. ಅದಕ್ಕೂ ಬಗ್ಗದಿದ್ದರೆ ವೈಟ್ ಸ್ಪಿರಿಟ್. ಪ್ರತಿಯೊಂದನ್ನೂ ಮೊದಲು ಕಾಣದ ಮೂಲೆಯಲ್ಲಿ ಪರೀಕ್ಷಿಸಬೇಕು. ಹತ್ತಿಗೆ ಬಣ್ಣ ಅಂಟಿದರೆ ಅಲ್ಲಿಗೇ ನಿಲ್ಲಿಸಬೇಕು. ಥಿನ್ನರ್, ಅಸಿಟೋನ್, ಪೇಂಟ್ ರಿಮೂವರ್ ನನ್ನ ಮೇಜಿನ ಹತ್ತಿರಕ್ಕೂ ಬರುವುದಿಲ್ಲ. ಸ್ಟೆನ್ಸಿಲ್ ಅಕ್ಷರಗಳ ಬಣ್ಣ ತೀರ ತೆಳು, ಒಂದು ಒರೆಸಿಗೆ ಮಾಯವಾಗುತ್ತದೆ.

ಪದರಗಳ ಕ್ರಮ ತಿಳಿಯಬೇಕೆಂದರೆ ಹಿಡಿಕೆಯ ಹಿಂದೆಯೋ ತಳದಲ್ಲೋ ನಾಣ್ಯದಗಲ ಜಾಗವನ್ನು ಒದ್ದೆ ಮಾಡಿದ ಅತಿ ನಯದ ಉಪ್ಪುಕಾಗದದಿಂದ ವೃತ್ತಾಕಾರವಾಗಿ ಉಜ್ಜಿ. ಒಂದರ ಸುತ್ತ ಒಂದು ಉಂಗುರಗಳು ಮೂಡುತ್ತವೆ: ಮೇಲೆ ಯಾರೋ ಮನೆಯಲ್ಲಿ ಬಳಿದ ನೀಲಿ ಎನಾಮೆಲ್, ಕೆಳಗೆ ಹಸಿರು, ಅದರ ಕೆಳಗೆ ಕಂದು. ಬ್ರಿಟಿಷ್ ಸೈನ್ಯ 1942ರ ಹೊತ್ತಿಗೆ ವಾಹನಗಳಿಗೆ ಕಂದುಬಣ್ಣವನ್ನು ಮೂಲ ಬಣ್ಣವಾಗಿ ಹಿಡಿದು, 1944ರಲ್ಲಿ ಆಲಿವ್ ಹಸಿರಿಗೆ ಹೊರಳಿತು. ಪೆಟ್ಟಿಗೆಗಳ ಬಣ್ಣ ವಾಹನಗಳಷ್ಟು ಶಿಸ್ತಿನದಲ್ಲ, ಸಿಕ್ಕ ಡಬ್ಬದ ಬಣ್ಣ ಬಳಿದದ್ದೂ ಉಂಟು. ಆದ್ದರಿಂದ ಬಣ್ಣವೊಂದನ್ನೇ ನೆಚ್ಚಿ ಕಾಲ ನಿರ್ಣಯಿಸಬೇಡಿ. ಒತ್ತಿದ ಮುದ್ರೆಯ ಜೊತೆಗಿಟ್ಟು ನೋಡಿ.

5. ಈ ವಸ್ತುಗಳಲ್ಲಿ ವಿಷವಿದೆ.

ಆ ಕಾಲದ ಬಣ್ಣದಲ್ಲಿ ಸೀಸ ಇದ್ದೇ ಇದೆ ಎಂದುಕೊಂಡು ಕೆಲಸ ಮಾಡಿ. ಇಂದು ನಮ್ಮಲ್ಲಿ ಮನೆಬಳಕೆಯ ಬಣ್ಣಕ್ಕೆ ಸೀಸದ ಮಿತಿ ಹತ್ತು ಲಕ್ಷಕ್ಕೆ 90 ಭಾಗ ಮಾತ್ರ. ಅಂದು ಅಂಥ ಮಿತಿಯೇ ಇರಲಿಲ್ಲ. ಒಣಗಿದ ಬಣ್ಣವನ್ನು ಯಂತ್ರದಿಂದ ಉಜ್ಜಿ ಧೂಳೆಬ್ಬಿಸುವುದು ಮಕ್ಕಳಿರುವ ಮನೆಯಲ್ಲಿ ಮಾಡಲೇಬಾರದ ಕೆಲಸ. ಬಟ್ಟೆ ಕಟ್ಟಿಕೊಂಡರೆ ಸಾಲದು, ಫಿಲ್ಟರ್ ಇರುವ ಮುಖಗವಸೇ ಬೇಕು. ಅಮೆರಿಕನ್ ಸೈನ್ಯದ ಮರದ ಪೆಟ್ಟಿಗೆಗಳಿಗೆ ಹುಳ ಹಿಡಿಯದಂತೆ ಪೆಂಟಾಕ್ಲೋರೋಫೀನಾಲ್ ಉಣಿಸುತ್ತಿದ್ದ ಕಾಲವೊಂದಿತ್ತು. ಅಂಥ ಮರವನ್ನು ಒಲೆಗೆ ಹಾಕಬಾರದು, ಅದರಲ್ಲಿ ದವಸ ಇಡಬಾರದು.

ಎರಡನೇ ಮಹಾಯುದ್ಧದ ಗ್ಯಾಸ್ ಮಾಸ್ಕ್ ಕೈಗೆ ಬಂದರೆ ಫೋಟೋಕ್ಕಾಗಿಯೂ ಮುಖಕ್ಕೆ ಹಾಕಬೇಡಿ. ಆ ಕಾಲದ ಬ್ರಿಟಿಷ್ ಮಾಸ್ಕುಗಳ ಫಿಲ್ಟರಿನಲ್ಲಿ ಆಸ್ಬೆಸ್ಟಾಸ್ ಇದೆ. ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಬಳಿದ ದಿಕ್ಸೂಚಿಗಳೂ ಹಾಗೆಯೇ. ಈಗ ಹೊಳೆಯುತ್ತಿಲ್ಲವಲ್ಲ ಎಂದು ಸಮಾಧಾನಪಡಬೇಡಿ. ಸವೆದದ್ದು ಹೊಳೆಯುವ ಪುಡಿ, ರೇಡಿಯಂ ಅಲ್ಲ. ರೇಡಿಯಂ ಅರ್ಧ ಕರಗಲು ಸುಮಾರು 1600 ವರ್ಷ ಬೇಕು. ಗಾಜು ಒಡೆದಿಲ್ಲದಿದ್ದರೆ ಮುಟ್ಟದೆ ಗಾಜಿನ ಕಪಾಟಿನಲ್ಲಿಡಿ, ಬಿಚ್ಚುವ ಯೋಚನೆ ಬೇಡವೇ ಬೇಡ.

ಜೆರ್ರಿ ಕ್ಯಾನಿಗೆ ಎಂದೂ ವೆಲ್ಡಿಂಗ್ ಮಾಡಿಸಬೇಡಿ. ಒಳಗೆ ಉಳಿದ ಪೆಟ್ರೋಲ್ ಆವಿ ಸಾಕು.

6. ಹಿತ್ತಾಳೆಯನ್ನು ಹೊಳೆಯಿಸುವ ಹುಚ್ಚು ಬಿಡಿ.

ಈ ಪಾಠದ ಹಿಂದಿನ ಕತೆ ನಮ್ಮ ಮಳೆಗಾಲದ್ದೇ. ಬ್ರಿಟಿಷರ ಕಾಲದಲ್ಲಿ ಭಾರತದಲ್ಲಿ ದಾಸ್ತಾನಿಟ್ಟ ಹಿತ್ತಾಳೆಯ ತೋಟಾಗಳು ಮಳೆಗಾಲ ಬಂತೆಂದರೆ ಕುತ್ತಿಗೆಯ ಹತ್ತಿರ ತಾವಾಗಿಯೇ ಸೀಳುತ್ತಿದ್ದವು. ಕುದುರೆಲಾಯಗಳಲ್ಲಿ ಇಟ್ಟದ್ದಕ್ಕೆ ಇದು ಹೆಚ್ಚು. ಋತು ಬಂದಾಗ ಕಾಣಿಸುವ ಬಿರುಕೆಂದು ಸೀಸನ್ ಕ್ರ್ಯಾಕಿಂಗ್ ಎಂದೇ ಹೆಸರಾಯಿತು. ಲೋಹತಜ್ಞರಾದ ಮೂರ್, ಬೆಕಿನ್ಸೇಲ್ ಮತ್ತು ಮ್ಯಾಲಿನ್‌ಸನ್ 1921ರಲ್ಲಿ ಕಾರಣ ವಿವರಿಸಿದರು. ಕುದುರೆಯ ಮೂತ್ರದಿಂದ ಏಳುವ ಅಮೋನಿಯಾ ತೇವದ ಗಾಳಿಯಲ್ಲಿ ಸೇರಿ ಹಿತ್ತಾಳೆಯನ್ನು ತಾಗುತ್ತದೆ. ಎಳೆದು ಕೊಳವೆ ಮಾಡುವಾಗ ಲೋಹದೊಳಗೆ ಉಳಿದ ಬಿಗುಪು ಅದಕ್ಕೆ ಜೊತೆಯಾಗುತ್ತದೆ. ಎರಡೂ ಸೇರಿದಾಗ ಬಿರುಕು. ತೋಟಾವನ್ನು ಹದವಾಗಿ ಕಾಯಿಸಿ ಆ ಬಿಗುಪನ್ನು ಇಳಿಸುವುದೇ ಪರಿಹಾರವಾಯಿತು.

ಕೆಲವು ಹಿತ್ತಾಳೆ ಪಾಲಿಶ್‌ಗಳಲ್ಲಿ ಈಗಲೂ ಅಮೋನಿಯಾ ಇರುತ್ತದೆ. ಅವನ್ನು ಹಳೆಯ ಬಕಲ್, ತೋಟಾ ಕೊಳವೆ, ಪೆಟ್ಟಿಗೆಯ ಪಟ್ಟಿಗಳಿಗೆ ಹಚ್ಚಬೇಡಿ. ಹುಣಸೆಹಣ್ಣು ಹಚ್ಚಿ ತಿಕ್ಕಿದರೆ ದೇವರಮನೆಯ ದೀಪ ಬೆಳಗುತ್ತದೆ ನಿಜ, ಆದರೆ ಬಕಲ್ಲಿನ ಮೇಲಿನ ತಯಾರಕರ ಮುದ್ರೆ ಪ್ರತಿ ತಿಕ್ಕಿಗೂ ಸವೆಯುತ್ತದೆ. ಮೆತ್ತನೆಯ ಬ್ರಷ್, ಒಣ ಬಟ್ಟೆ, ಮೇಲೆ ತೆಳುವಾಗಿ ಮೈಕ್ರೋಕ್ರಿಸ್ಟಲೈನ್ ಮೇಣ. ಅಷ್ಟರಲ್ಲೇ ಮುಗಿಸುತ್ತೇನೆ.

7. ತುಕ್ಕಿನ ವಿಷಯದಲ್ಲಿ ಊರು ಮುಖ್ಯ.

ಬೆಂಗಳೂರಿನಲ್ಲಿ ವರ್ಷಗಟ್ಟಲೆ ಹಾಗೇ ಇದ್ದ ಉಕ್ಕಿನ ಡಬ್ಬ ಮಂಗಳೂರಿಗೋ ಕಾರವಾರಕ್ಕೋ ಹೋದರೆ ಒಂದೇ ಮಳೆಗಾಲದಲ್ಲಿ ಕೆಂಪೇಳುತ್ತದೆ. ಕಡಲಗಾಳಿಯ ಉಪ್ಪು ತುಕ್ಕಿನ ಪದರದೊಳಗೆ ಇಳಿದು, ತೇವ ಸಿಕ್ಕಾಗಲೆಲ್ಲ ಮತ್ತೆ ಕೆಲಸ ಶುರುಮಾಡುತ್ತದೆ. ಮೇಲೆ ಬಣ್ಣ ಬಳಿದು ಮುಚ್ಚಿದರೆ ಅದು ಒಳಗೇ ತಿನ್ನುತ್ತದೆ.

ಬಣ್ಣ ಉಳಿದಿರುವ ಡಬ್ಬದಲ್ಲಿ ತುಕ್ಕಿನ ಚುಕ್ಕೆಗಳಿಗೆ ಮಾತ್ರ ಟ್ಯಾನಿಕ್ ಆಮ್ಲ ಸಣ್ಣ ಬ್ರಷ್ಷಿನಿಂದ ಹಚ್ಚುತ್ತೇನೆ. ತುಕ್ಕು ಕಪ್ಪು ಪದರವಾಗಿ ಗಟ್ಟಿಯಾಗುತ್ತದೆ. ಅಳಲೆಕಾಯಿಯ ಕಷಾಯಕ್ಕೆ ಕಬ್ಬಿಣ ಸೇರಿಸಿ ಮಸಿ ಮಾಡುತ್ತಿದ್ದ ನಮ್ಮ ಹಿರಿಯರಿಗೆ ಗೊತ್ತಿದ್ದ ರಸಾಯನವೂ ಇದೇ. ಬಣ್ಣವೇ ಉಳಿದಿರದ, ಪೂರ್ತಿ ತುಕ್ಕು ಹಿಡಿದ ಬಿಡಿಭಾಗಗಳಿಗೆ ವಿದ್ಯುದ್ವಿಭಜನೆ ಒಳ್ಳೆಯದು. ನೀರಿಗೆ ವಾಷಿಂಗ್ ಸೋಡಾ, 12 ವೋಲ್ಟಿನ ಚಾರ್ಜರ್, ಧನ ತುದಿಗೆ ಒಂದು ಮಾಮೂಲಿ ಉಕ್ಕಿನ ತುಂಡು, ಋಣ ತುದಿಗೆ ನಮ್ಮ ವಸ್ತು. ಧನ ತುದಿಗೆ ಸ್ಟೇನ್‌ಲೆಸ್ ಸ್ಟೀಲ್ ಕಟ್ಟಬಾರದು, ಅದರಿಂದ ವಿಷಕಾರಿ ಕ್ರೋಮಿಯಂ ನೀರಿಗೆ ಬಿಡುತ್ತದೆ. ಹೊರಬರುವ ಜಲಜನಕ ಹೊತ್ತಿಕೊಳ್ಳುವ ಅನಿಲವಾದ್ದರಿಂದ ಕೆಲಸ ಬಯಲಲ್ಲೇ ಆಗಬೇಕು. ಮರದ ಪೆಟ್ಟಿಗೆಯೊಳಗಿನ ಕಲಾಯಿ ತಗಡಿನ ಹೊದಿಕೆಗೆ ಇವು ಯಾವುವೂ ಬೇಡ. ಮೇಲಿನ ತವರದ ಪದರ ಹೋದರೆ ಮರಳಿ ಬರುವುದಿಲ್ಲ.

8. ಬಟ್ಟೆ, ತೊಗಲು, ಹಗ್ಗ ಇವಕ್ಕೆ ಬೇರೆಬೇರೆ ಕೈ ಬೇಕು.

1937ರ ಮಾದರಿಯ ಕ್ಯಾನ್ವಾಸ್ ಪಟ್ಟಿಗಳು, ಬ್ರೆನ್ ಗನ್ನಿನ ಮ್ಯಾಗಜಿನ್ ಹಿಡಿಸುವಂತೆ ಹೊಲಿದ ಎದೆಯ ಚೀಲಗಳು ನಮ್ಮಲ್ಲಿ ಬೇಕಾದಷ್ಟು ಸಿಗುತ್ತವೆ. ಭಾರತದಲ್ಲಿ ನೇಯ್ದವುಗಳ ಎಳೆ ಇಂಗ್ಲೆಂಡಿನವಕ್ಕಿಂತ ಒರಟು, ಬೆರಳಿಗೇ ಗೊತ್ತಾಗುತ್ತದೆ. ಅವುಗಳ ಮೇಲಿರುವ ಹಸಿರು ಪುಡಿ ಧೂಳಲ್ಲ. ಸಿಪಾಯಿಗಳು ನೀರಲ್ಲಿ ಕಲಸಿ ಬಳಿಯುತ್ತಿದ್ದ ಬ್ಲ್ಯಾಂಕೋ ಅದು. ಬಕೆಟ್ಟಿನಲ್ಲಿ ನೆನೆಸಿದರೆ ಒಂದು ಗಳಿಗೆಯಲ್ಲಿ ಅಷ್ಟೂ ಕರಗಿಹೋಗುತ್ತದೆ, ಒಳಬದಿಯ ಶಾಯಿಯ ಮುದ್ರೆಯೂ ಮಸುಕಾಗುತ್ತದೆ. ಬಾಯಿಗೆ ಸೊಳ್ಳೆಪರದೆಯ ಬಟ್ಟೆ ಕಟ್ಟಿದ ವ್ಯಾಕ್ಯೂಮ್ ಕ್ಲೀನರಿನಿಂದ ಮೆಲ್ಲಗೆ ಧೂಳು ಹೀರಿದರೆ ಸಾಕು. ಹುಳ ಇದ್ದರೆ ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ ಎರಡು ವಾರ ಮೈನಸ್ 20 ಡಿಗ್ರಿಯ ಫ್ರೀಜರಿನಲ್ಲಿಡಿ. ಹೊರತೆಗೆದ ಮೇಲೆ ಕೋಣೆಯ ಬಿಸಿಗೆ ಬರುವವರೆಗೆ ಪ್ಲಾಸ್ಟಿಕ್ ಬಿಚ್ಚಬಾರದು.

ತೊಗಲಿಗೆ ಎಣ್ಣೆ ಕುಡಿಸುವುದು ಎಲ್ಲರೂ ಮಾಡುವ ಉಪಚಾರ, ಹಾಳಾಗುವುದೂ ಬಹಳಷ್ಟು ಅದರಿಂದಲೇ. 1903ರ ಮಾದರಿಯ ತೊಗಲಿನ ಬ್ಯಾಂಡೊಲಿಯರ್‌ನಂಥ ವಸ್ತು ಮೈಸೂರು ಲ್ಯಾನ್ಸರ್ಸ್ ಪಡೆಯಲ್ಲಿದ್ದವರ ಮನೆಯಲ್ಲಿ ಸಿಕ್ಕರೆ, 1918ರ ಸೆಪ್ಟೆಂಬರ್ 23ರಂದು ಹೈಫಾಕ್ಕೆ ನುಗ್ಗಿದ ಪಡೆಯದು ಎಂಬ ನೆನಪಿಟ್ಟುಕೊಂಡು ಮುಟ್ಟಬೇಕು. ಅಂಥದ್ದಕ್ಕೆ ಅಡುಗೆ ಎಣ್ಣೆ, ತೆಂಗಿನೆಣ್ಣೆ ಸುರಿದರೆ ತೊಗಲು ಕಪ್ಪಾಗಿ ಅಂಟಂಟಾಗುತ್ತದೆ. ಹಿತ್ತಾಳೆಯ ಗುಂಡಿಗಳ ಸುತ್ತ ಹಸಿರು ಮೇಣದಂಥದ್ದು ಉಕ್ಕುವುದೂ ಲೋಹ ಮತ್ತು ಜಿಡ್ಡಿನ ಸಂಗದಿಂದಲೇ. ಅದನ್ನು ಬಿದಿರಿನ ಕಡ್ಡಿಯಿಂದ ಮೆಲ್ಲಗೆ ತೆಗೆಯಿರಿ. ಮುಟ್ಟಿದರೆ ಕೆಂಪುಪುಡಿ ಉದುರುವಷ್ಟು ತೊಗಲು ಸತ್ತಿದ್ದರೆ ಎಣ್ಣೆ ಅದನ್ನು ಉಳಿಸಲಾರದು. ಸಂರಕ್ಷಕರು ಬಳಸುವ ಸೆಲ್ಯುಲೋಸ್ ದ್ರಾವಣ ಬೇಕಾಗುತ್ತದೆ.

ಹಗ್ಗದ ಹಿಡಿಕೆ ಅರ್ಧ ಉಳಿದಿದ್ದರೂ ಉಳಿಸಿ. ಪೂರ್ತಿ ಹೋಗಿದ್ದರೆ ಕತ್ತಾಳೆ ನಾರಿನ ಹಗ್ಗ ಹಾಕಿ, ನೈಲಾನ್ ಬೇಡ. ಹಳೆಯ ಹಗ್ಗವಾಗಲಿ ಹೊಸದಾಗಲಿ, ಪೆಟ್ಟಿಗೆಯನ್ನು ಎತ್ತುವುದು ತಳಕ್ಕೆ ಕೈಕೊಟ್ಟೇ.

9. ಯುದ್ಧದ ನಂತರದ ಬದುಕೂ ಪೆಟ್ಟಿಗೆಯದೇ.

ಯುದ್ಧ ಮುಗಿದ ಮೇಲೆ ಡಿಸ್ಪೋಸಲ್ಲಿನಲ್ಲಿ ಬಿಕರಿಯಾದ ಈ ಪೆಟ್ಟಿಗೆಗಳು ನಮ್ಮ ಮನೆಗಳಲ್ಲಿ ಹತಾರ ಹಿಡಿದವು, ಮಕ್ಕಳ ಪುಸ್ತಕ ಹಿಡಿದವು. ಬಡಗಿಯೊಬ್ಬರ ಮನೆತನದಿಂದ ಬಂದ ಪೆಟ್ಟಿಗೆಯ ಮುಚ್ಚಳದ ತುಂಬ ಆಯುಧಪೂಜೆಯ ಅರಿಶಿನ ಕುಂಕುಮದ ಬೊಟ್ಟುಗಳಿದ್ದವು, ಒಂದರ ಮೇಲೊಂದು, ಸ್ಟೆನ್ಸಿಲ್ಲಿನ ಅಂಕಿಗಳ ಮೇಲೆಯೇ. ಅಂಕಿ ಕಾಣಲೆಂದು ಕುಂಕುಮ ಅಳಿಸಿಬಿಡಿ ಎಂದವರಿದ್ದರು. ನಾನು ಒಪ್ಪಲಿಲ್ಲ. ತೋಟಾ ಹಿಡಿದದ್ದು ಕೆಲವೇ ವರ್ಷ, ಉಳಿ ಬಾಚಿ ಹಿಡಿದದ್ದು ಎರಡು ತಲೆಮಾರು. ಬದಿಯ ಬೆಳಕಿನಲ್ಲಿ ಅಂಕಿಗಳೂ ಓದಲು ಸಿಕ್ಕವು, ಕುಂಕುಮವೂ ಉಳಿಯಿತು. ಪೆಟ್ಟಿಗೆ ಕೊಡುವವರನ್ನು ಕೂರಿಸಿ ಅದರಲ್ಲಿ ಏನಿಡುತ್ತಿದ್ದಿರಿ ಎಂದು ಕೇಳಿ ಬರೆದುಕೊಳ್ಳುವುದು ಕೆಲಸದ ಭಾಗವೇ.

10. ಇಲ್ಲದ್ದನ್ನು ಬರೆಯಬೇಡಿ.

ಸಂಗ್ರಹಕಾರರ ಮಾರುಕಟ್ಟೆಯಲ್ಲಿ ಈಗ ಹೊಸ ಸ್ಟೆನ್ಸಿಲ್‌ಗಳ ಕಾಟ. ಮಾಮೂಲಿ ಪೆಟ್ಟಿಗೆಯ ಮೇಲೆ ಬರ್ಮಾ 1944 ಎಂದೋ, ಜರ್ಮನ್ ಹದ್ದನ್ನೋ ಹಾಕಿದರೆ ಬೆಲೆ ಹಲವು ಪಟ್ಟು ಏರುತ್ತದೆ. ಗುರುತಿಸುವುದು ಕಷ್ಟವಲ್ಲ. ಉಗ್ರಾಣಿಕನಿಗೆ ಬೇಕಿದ್ದದ್ದು ತೋಟಾದ ಅಳತೆ, ಮಾದರಿ, ಸಂಖ್ಯೆ, ಲಾಟ್ ನಂಬರು, ತಾರೀಕು. ಯುದ್ಧರಂಗದ ಹೆಸರು ಅವನಿಗೆ ಬೇಕಿರಲಿಲ್ಲ. ಅಕ್ಷರದ ಬಣ್ಣ ಹಳೆಯ ಗೀರುಗಳೊಳಗೆ ಇಳಿದಿದ್ದರೆ ಅದು ಗೀರಿನ ನಂತರ ಬಂದದ್ದು. ಗೀರು ಅಕ್ಷರವನ್ನು ಕತ್ತರಿಸಿಕೊಂಡು ಹೋಗಿದ್ದರೆ ಅಕ್ಷರ ಮೊದಲಿನದು.

ಮುರಿದ ಹಲಗೆಗೆ ತುಂಡು ಸೇರಿಸಲೇಬೇಕಾದರೆ, ಪ್ರಾಣಿಗಳ ತೊಗಲು ಮೂಳೆ ಬೇಯಿಸಿ ಮಾಡುವ ಹಳೆಯ ಬಗೆಯ ಅಂಟನ್ನೇ ಬಳಸುತ್ತೇನೆ. ಮುಂದೆ ಯಾರಿಗಾದರೂ ಬಿಚ್ಚಬೇಕೆನಿಸಿದರೆ ಬಿಸಿನೀರು ಸಾಕು. ಹೊಸ ತುಂಡಿನ ಒಳಬದಿಯಲ್ಲಿ ಸೇರಿಸಿದ ವರ್ಷ ಬರೆಯುತ್ತೇನೆ. ದೂರದಿಂದ ನೋಡಿದರೆ ಹೊಂದಿಕೊಳ್ಳಬೇಕು, ಹತ್ತಿರ ಬಂದವರಿಗೆ ಇದು ಹೊಸದೆಂದು ತಿಳಿಯಬೇಕು.

11. ಕಾನೂನು ತಿಳಿದಿರಲಿ.

ಪರವಾನಗಿ ಇಲ್ಲದೆ ಜೀವಂತ ತೋಟಾ ಒಂದನ್ನಿಟ್ಟುಕೊಂಡರೂ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಅಜ್ಜನ ನೆನಪಿಗೆಂದರೂ ಅಪರಾಧವೇ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತು 1972ರ ಪುರಾವಸ್ತು ಕಾಯ್ದೆಯೊಳಗೆ ಬರುತ್ತದೆ, ಖಾಸಗಿಯವರು ಅದನ್ನು ಹೊರದೇಶಕ್ಕೆ ಕಳಿಸುವಂತಿಲ್ಲ. ಮೊದಲ ಮಹಾಯುದ್ಧದ ಸಾಮಾನೆಲ್ಲ ಈಗ ಆ ವಯಸ್ಸು ದಾಟಿದೆ. ವಿದೇಶದಲ್ಲಿರುವ ಮಗನಿಗೆ ಕೊಡಬೇಕೆಂದು ಕಟ್ಟುವ ಮೊದಲು ಪುರಾತತ್ವ ಇಲಾಖೆಯಲ್ಲಿ ವಿಚಾರಿಸಿ.

12. ಮಾಡಿದ್ದನ್ನು ಬರೆದಿಡಿ, ಪೆಟ್ಟಿಗೆಯೊಳಗೇ ಇಡಿ.

ಒಂದು ಹಾಳೆ ಸಾಕು: ಎಲ್ಲಿಂದ ಬಂತು, ಬಂದಾಗ ಹೇಗಿತ್ತು, ಯಾವ ಗುರುತುಗಳಿದ್ದವು, ಎಲ್ಲಿ ಏನು ಹಚ್ಚಿದೆ, ಏನು ಸೇರಿಸಿದೆ, ಯಾವುದನ್ನು ಬೇಕೆಂದೇ ಮುಟ್ಟದೆ ಬಿಟ್ಟೆ. ಆಮ್ಲರಹಿತ ಕಾಗದದ ಮೇಲೆ ಪೆನ್ಸಿಲ್ಲಿನಲ್ಲಿ ಬರೆಯಿರಿ. ಬಾಲ್‌ಪೆನ್ನಿನ ಶಾಯಿ ತೇವಕ್ಕೆ ಹರಡುತ್ತದೆ, ಬೆಳಕಿಗೆ ಮಾಸುತ್ತದೆ. ಹಾಳೆಯ ಇನ್ನೊಂದು ಪ್ರತಿ, ಫೋಟೋಗಳ ಜೊತೆಗೆ, ಮನೆಯಲ್ಲಿ ಬೇರೆ ಕಡೆ ಇರಲಿ. ಪೆಟ್ಟಿಗೆಯನ್ನು ಗೋಡೆಗೆ ತಾಗಿಸದೆ, ನೆಲದಿಂದ ನಾಲ್ಕು ಬೆರಳು ಮೇಲೆ, ಮರದ ತುಂಡುಗಳ ಮೇಲಿಡಿ. ಗೆದ್ದಲು ಗೋಡೆಯ ಕಡೆಯಿಂದಲೇ ಬರುವುದು ಹೆಚ್ಚು. ಮೇ ತಿಂಗಳ ಕೊನೆಗೆ ಒಳಗಿನ ಸಿಲಿಕಾ ಜೆಲ್ ಪೊಟ್ಟಣ ಬದಲಿಸಿ. ತಳದಲ್ಲಿ ಹಿಟ್ಟಿನಂಥ ಪುಡಿ ಉದುರಿದೆಯೇ ಎಂದು ತಿಂಗಳಿಗೊಮ್ಮೆ ನೋಡಿ. ಹಳೆಯ ರಂಧ್ರಗಳ ಅಂಚು ಕಪ್ಪಾಗಿರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಪುಡಿ ಹೊಸದಾಗಿ, ಬೆಳ್ಳಗೆ ಉದುರುತ್ತಿದ್ದರೆ ಕುಟ್ಟೆಹುಳ ಒಳಗೆ ಜೀವಂತವಾಗಿದೆ ಎಂದರ್ಥ. ಅಂದೇ ಆ ಪೆಟ್ಟಿಗೆಯನ್ನು ಉಳಿದವುಗಳಿಂದ ಬೇರೆ ಮಾಡಿ, ಬಣ್ಣವಿಲ್ಲದ ಒಳಭಾಗದ ಮರಕ್ಕೆ ಬೋರಾಕ್ಸ್ ಮತ್ತು ಬೋರಿಕ್ ಆಮ್ಲದ ದ್ರಾವಣ ಹಚ್ಚಿ, ಹಾಳೆಯಲ್ಲಿ ತಾರೀಕು ಹಾಕಿ ಅದನ್ನೂ ಬರೆದಿಡಿ.